ಅರ್ಧ ಬಾಡಿಗೆ ಕೇಳಿದ ಹೋಟೆಲಿನವರು: ಕಾರವಾರ ಕಡೆಯ ಒಂದು ಪ್ರಕರಣ

2024ರ ಮಳೆಗಾಲದಲ್ಲಿ ಹೋಟೆಲ್ ಮಳಿಗೆಯೊಂದರ ಬಾಡಿಗೆದಾರರು ಮಾಲೀಕರಿಗೆ ವಾಟ್ಸ್ಆ್ಯಪ್ ಕಳಿಸಿದರು: ಇನ್ನು ಆರು ತಿಂಗಳು ಅರ್ಧ ಬಾಡಿಗೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಕೊನೆಗೆ ಬಾಡಿಗೆ ಅರ್ಧಕ್ಕೆ ಇಳಿಯಲಿಲ್ಲ, ಮಳಿಗೆ ಖಾಲಿಯೂ ಆಗಲಿಲ್ಲ. ವರ್ಷದ ಒಟ್ಟು ಬಾಡಿಗೆ ಇದ್ದಷ್ಟೇ ಉಳಿದು ತಿಂಗಳ ಲೆಕ್ಕ ಮಾತ್ರ ಬದಲಾಯಿತು. ಹೆಸರು ಮತ್ತು ಜಾಗದ ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇವೆ, ಮೊತ್ತಗಳನ್ನೂ ತುಸು ಬದಲಿಸಿದ್ದೇವೆ. ಲೆಕ್ಕ ಹಾಕಿದ ರೀತಿ ಮಾತ್ರ ನಡೆದದ್ದೇ.

ಹಿನ್ನೆಲೆ

ಮಳಿಗೆ ಇರುವುದು ಕಾಳಿ ನದಿಯಿಂದ ಮಾಜಾಳಿ ಗಡಿ ಕಡೆಗೆ ಹೋಗುವ ಹೆದ್ದಾರಿ 66ರ ಬದಿಯಲ್ಲಿ. ಮುಂದೆ ತಾರಸಿ ಇರುವ 420 ಚದರಡಿಯ ಊಟದ ಹಾಲ್. ಹಿಂದೆ ತಗಡಿನ ಶೀಟು ಹೊದಿಸಿದ 120 ಚದರಡಿ ಜಾಗದಲ್ಲಿ ಅಡುಗೆಯ ಒಲೆ, ಪಾತ್ರೆ ತೊಳೆಯುವ ಕಟ್ಟೆ, ಕರೆಂಟಿನ ಬೋರ್ಡು. ಮೀನೂಟವೇ ಅವರ ಮುಖ್ಯ ವ್ಯಾಪಾರ. ಗಿರಾಕಿಗಳಲ್ಲಿ ದೊಡ್ಡ ಪಾಲು ಗೋವಾ ಕಡೆ ಹೋಗಿಬರುವ ವಾಹನದವರದು.

ಮಾಲೀಕರು ಇಬ್ಬರು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಊರಲ್ಲೇ ಇದ್ದು ಬಾಡಿಗೆ ವಸೂಲಿ ನೋಡಿಕೊಳ್ಳುತ್ತಾರೆ. ಊರವರು ಅವರನ್ನು ಅಕ್ಕೋರು ಎನ್ನುತ್ತಾರೆ, ಇಲ್ಲಿಯೂ ಹಾಗೇ ಇರಲಿ. ಇನ್ನರ್ಧ ಪಾಲು ಮುಂಬಯಿಯಲ್ಲಿರುವ ಅವರ ಅಣ್ಣನದು. ಬಾಡಿಗೆ ತಿಂಗಳಿಗೆ 18,000 ರೂಪಾಯಿ, ಆಯಾ ತಿಂಗಳ 5ನೇ ತಾರೀಖಿನೊಳಗೆ ಕೊಡಬೇಕು. ಮುಂಗಡ ಠೇವಣಿ ಒಂದೂವರೆ ಲಕ್ಷ. ಹನ್ನೊಂದು ತಿಂಗಳ ಕರಾರು ಒಮ್ಮೆ ನವೀಕರಣವಾಗಿ 2024ರ ಜನವರಿಗೆ ಮುಗಿದಿತ್ತು. ಆಮೇಲೆ ಹೊಸ ಕಾಗದ ಆಗಿರಲಿಲ್ಲ, ಬಾಡಿಗೆ ಬರುತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಕಡೆಯ ಅರ್ಧಕ್ಕರ್ಧ ಮಳಿಗೆಗಳ ಸ್ಥಿತಿ ಇದೇ ಇದ್ದೀತು.

ಕರಾರು ಮುಗಿದ ಮೇಲೂ ಬಾಡಿಗೆದಾರ ಜಾಗದಲ್ಲಿದ್ದು ಮಾಲೀಕ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಮಿನ ಪ್ರಕಾರ ಅದು ಇಂಥ ಅಂಗಡಿಯ ಮಟ್ಟಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಹಳೇ ಷರತ್ತುಗಳೇ ಮುಂದುವರಿಯುತ್ತವೆ. ಆ ಹಳೇ ಕರಾರಿನ ಒಂದು ಸಾಲು ಮುಂದೆ ತುಂಬ ಕೆಲಸಕ್ಕೆ ಬಂತು: ಒಳಗಿನ ಚಿಕ್ಕಪುಟ್ಟ ರಿಪೇರಿ ಬಾಡಿಗೆದಾರರದ್ದು, ಗೋಡೆ, ಮಾಡು, ತಾರಸಿ ಮಾಲೀಕರದ್ದು.

ತಕರಾರು ಬೆಳೆದ ರೀತಿ

ಜೂನ್ ಎರಡನೇ ವಾರದಿಂದ ಅಡುಗೆ ಜಾಗದಲ್ಲಿ ನೀರು ಸೋರತೊಡಗಿತು. ಹೋಟೆಲಿನವರು ಬಾಯಿಮಾತಿನಲ್ಲಿ ಹೇಳಿದರು. ಅಕ್ಕೋರು ಗವಂಡಿಯನ್ನು ಕಳಿಸಿದರು. ಅವನು ತಾರಸಿಯ ಅಂಚೂ ಶೀಟೂ ಕೂಡುವಲ್ಲಿ ಸಿಮೆಂಟು ಮೆತ್ತಿ ಹೋದ. ಮೂರು ದಿನ ನಿಂತ ಸೋರಿಕೆ ನಾಲ್ಕನೇ ದಿನ ಮತ್ತೆ ಶುರು. ಅದು ಆಗಲೇಬೇಕಿತ್ತು: ತಗಡು ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುತ್ತದೆ, ಕಾಂಕ್ರೀಟು ಅಷ್ಟು ಅಲುಗಾಡುವುದಿಲ್ಲ, ನಡುವಿನ ಸಿಮೆಂಟು ಬಿರುಕು ಬಿಡದೆ ಇನ್ನೇನಾದೀತು?

ಜೂನ್ 27ಕ್ಕೆ ಕರೆಂಟ್ ಬೋರ್ಡಿನ ಮೇಲೇ ನೀರು ಇಳಿದು ಟ್ರಿಪ್ ಆಗತೊಡಗಿತು. ಜುಲೈ 5ರ ತನಕ ಒಂಬತ್ತು ದಿನ ಅಡುಗೆ ಬಂದ್. ಅದೇ 5ರಂದು ಹೋಟೆಲಿನವರು ತಾವೇ ಎಲೆಕ್ಟ್ರಿಶಿಯನ್ ಕರೆಸಿ ಬೋರ್ಡನ್ನು ಒಣಗಿದ ಗೋಡೆಗೆ ಬದಲಿಸಿಕೊಂಡರು. ಖರ್ಚು 3,200, ಬಿಲ್ ಇತ್ತು. ಅಂದೇ ಸಂಜೆ ಯುಪಿಐನಲ್ಲಿ 18,000ದ ಬದಲು 12,000 ಬಂತು, ‘ಜುಲೈ ಬಾಡಿಗೆ’ ಎಂಬ ಟಿಪ್ಪಣಿಯೊಂದಿಗೆ. ಅಕ್ಕೋರು ನೋಡಿ ಸುಮ್ಮನಾದರು.

ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ದಕ್ಷಿಣದಿಂದ ಬರುವ ವಾಹನವೇ ಇಲ್ಲ. ಮೊದಲೇ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನಿನ ದರ ಏರಿರುತ್ತದೆ, ಮೀನೂಟದವರಿಗೆ ಅದು ಪ್ರತಿವರ್ಷವೂ ಬಿಗಿಯ ಕಾಲ. ತಿಂಗಳ ಕೊನೆಗೆ ಅರ್ಧ ಬಾಡಿಗೆಯ ಸಂದೇಶ ಬಂತು. ಆಗಸ್ಟ್ 5ಕ್ಕೆ 9,000 ಮಾತ್ರ ಜಮಾ ಆಯಿತು. ಎರಡು ದಿನದ ಮೇಲೆ, 7ರ ನಸುಕಿಗೂ ಮುಂಚೆ, ಕಾಳಿ ನದಿಯ ಹಳೇ ಸೇತುವೆ ಕುಸಿದು ಗೋವಾ ರಸ್ತೆಯ ಎರಡೂ ಕಡೆಯ ಸಂಚಾರ ಹೊಸ ಸೇತುವೆಯೊಂದರ ಮೇಲೇ ಬಿತ್ತು.

ಅಕ್ಕೋರು ಫೋನ್ ಮಾಡಿ ಕೇಳಿದಾಗ ಬಂದ ಉತ್ತರ: ‘ಅಕ್ಕೋರೇ, ಜುಲೈದಾಗೆ ಕಮ್ಮಿ ಹಾಕ್ದಾಗ ನೀವು ಏನೂ ಹೇಳ್ಲಿಲ್ಲ. ಒಪ್ಪಿದ್ರಿ ಅಂತ ತಿಳ್ಕಂಡೆ.’

ಕಡಿಮೆ ಬಂದ ಹಣವನ್ನು ಏನು ಮಾಡಬೇಕು

ಮುಂಬಯಿಯ ಅಣ್ಣನ ಸಲಹೆ ಎರಡಿತ್ತು. ಹಣ ವಾಪಸು ಕಳಿಸು, ಇಲ್ಲವೇ ಬೀಗ ಹಾಕಿಸು. ಎರಡೂ ಆಗಲಿಲ್ಲ, ಒಳ್ಳೆಯದೇ ಆಯಿತು.

ಬಂದ ಹಣ ಹಿಂದಿರುಗಿಸಿದರೆ ಬಾಕಿ ದೊಡ್ಡದಾಗುತ್ತದೆ, ಕೈ ಖಾಲಿಯಾಗುತ್ತದೆ, ಮುಂದೆ ನ್ಯಾಯಾಲಯದಲ್ಲಿ ‘ಕೊಟ್ಟರೂ ತೆಗೆದುಕೊಳ್ಳಲಿಲ್ಲ’ ಎಂಬ ಮಾತಿಗೆ ಜಾಗವಾಗುತ್ತದೆ. ಬೀಗ ಹಾಕುವುದು ಅದಕ್ಕಿಂತ ಕೆಟ್ಟದ್ದು. ಕಾನೂನಿನ ದಾರಿ ಬಿಟ್ಟು ಜಾಗದಿಂದ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸು ಪಡೆಯಬಹುದು. ಆ ದಾವೆಯಲ್ಲಿ ಮಾಲೀಕ ಯಾರು ಎಂಬ ಪ್ರಶ್ನೆಗೇ ಬೆಲೆಯಿಲ್ಲ. ಕರೆಂಟು, ನೀರು ಕತ್ತರಿಸುವುದೂ ಇದೇ ಜಾತಿಯ ಕೆಲಸ. ಬಾಡಿಗೆ ಬಾಕಿಯ ಸಣ್ಣ ತಕರಾರಿನಲ್ಲಿ ಸರಿ ಇದ್ದ ಮಾಲೀಕರು ದೊಡ್ಡ ತಕರಾರಿನಲ್ಲಿ ತಪ್ಪಿತಸ್ಥರಾಗುವುದು ಇಲ್ಲಿಯೇ.

ಸ್ಥಳೀಯ ವಕೀಲರೊಬ್ಬರು ಸೂಚಿಸಿದ ದಾರಿ ಸರಳವಾಗಿತ್ತು. ಹಣ ಇಟ್ಟುಕೊಳ್ಳಿ, ಆದರೆ ಪ್ರತಿ ಸಲವೂ ಅಂದೇ ಬರೆದು ತಿಳಿಸಿ. ಅಕ್ಕೋರು ಆಗಸ್ಟ್ 10ರಂದು ಕಳಿಸಿದ ಒಕ್ಕಣೆ ಹೀಗಿತ್ತು: ‘ಜುಲೈ ಬಾಡಿಗೆ 18,000ರ ಪೈಕಿ 12,000, ಆಗಸ್ಟ್ ಬಾಡಿಗೆ 18,000ರ ಪೈಕಿ 9,000 ಬಂದಿದೆ. ಎರಡೂ ಮೊತ್ತವನ್ನು ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೇವೆ. ಬಾಡಿಗೆ ಇಳಿಸಲು ಒಪ್ಪಿಲ್ಲ. ಬಾಕಿ 15,000ದ ಬಗ್ಗೆ, ಸೋರಿಕೆ ನೋಡಿದ ಮೇಲೆ, ಕೂತು ಮಾತಾಡೋಣ. 17ರ ಶನಿವಾರ ಮಾಡು ನೋಡಲು ಬರುತ್ತೇವೆ.’ ಇದನ್ನು ವಾಟ್ಸ್ಆ್ಯಪಿನಲ್ಲೂ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದರು. ಒಕ್ಕಣೆಯಲ್ಲಿ ಗದರಿಕೆ ಇಲ್ಲ, ಕಾನೂನಿನ ಕಲಮು ಇಲ್ಲ, ತಾರೀಖು ಇದೆ.

ತೆರವಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನದ ನೋಟಿಸಿನ ಕರಡನ್ನೂ ವಕೀಲರು ಮಾಡಿಕೊಟ್ಟಿದ್ದರು. ಅದು ಕಪಾಟಿನಲ್ಲೇ ಉಳಿಯಿತು. ಕಾರಣ ಮೆದುತನವಲ್ಲ. ನೋಟಿಸು ಕೊಟ್ಟು, ಅವಧಿ ಮುಗಿದ ಮೇಲಿನ ಬಾಡಿಗೆಯನ್ನು ಹಿಂದಿನಂತೆಯೇ ತೆಗೆದುಕೊಂಡರೆ, ನೋಟಿಸು ಬಿಟ್ಟುಕೊಟ್ಟಂತಾಯಿತು ಎಂಬ ವಾದ ಅದೇ ಕಾಯ್ದೆಯ 113ನೇ ಕಲಮಿನಿಂದ ಹುಟ್ಟುತ್ತದೆ. ದಾವೆ ಹೂಡುವ ಮನಸ್ಸಿಲ್ಲದೆ ನೋಟಿಸು ಕೊಡುವವರು ಎದುರಿನವರಿಗೆ ಹೆದರಿಕೆ ಹುಟ್ಟಿಸುವ ಬದಲು ಅವರನ್ನು ವಕೀಲರ ಮನೆಗೆ ಕಳಿಸುತ್ತಾರೆ, ಅಷ್ಟೇ.

ಪೈಪು ಹಿಡಿದು ನೋಡಿದ್ದು

ಪ್ರಕರಣದ ದಿಕ್ಕು ಬದಲಾದದ್ದು 17ರ ಬೆಳಿಗ್ಗೆ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ.

ಸೋರುವುದು ಒಂದು ಕಡೆ, ನೀರು ಒಳಗೆ ಹೊಗುವುದು ಇನ್ನೊಂದು ಕಡೆ. ಶೀಟಿನ ಅಡಿಗೆ ಹರಿದು, ಕಬ್ಬಿಣದ ಪಟ್ಟಿ ಹಿಡಿದು ಸಾಗಿ, ನಾಲ್ಕು ಅಡಿ ಆಚೆ ಹನಿ ಬೀಳಬಹುದು. ಅದಕ್ಕೇ ಮಳೆಯಲ್ಲಿ ನಿಂತು ಊಹೆ ಮಾಡಿದರೆ ಸಾಲದು. ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ಕೆಳ ಅಂಚಿನಿಂದ ಶುರುಮಾಡಬೇಕು. ಒಂದೊಂದು ಜಾಗಕ್ಕೂ ಹತ್ತು ಹದಿನೈದು ನಿಮಿಷ ನೀರು ಬಿಡಬೇಕು, ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಬೇಕು. ಹನಿ ಕಾಣದಿದ್ದರೆ ಒಂದು ಮೊಳ ಮೇಲಕ್ಕೆ. ಮೊದಲೇ ಮೇಲಿಂದ ಬಿಟ್ಟರೆ ಇಡೀ ಮಾಡು ಒದ್ದೆಯಾಗಿ ಯಾವುದರ ನೀರು ಯಾವುದೆಂದು ತಿಳಿಯದು. ಇಲ್ಲಿ ಮೇಲೆ ಗವಂಡಿ, ಒಳಗೆ ಹೋಟೆಲಿನವರೇ ಇದ್ದರು. ಇದು ಜಾಣತನದ ಏರ್ಪಾಡು. ಹನಿ ಬಿದ್ದಾಗ ‘ಬಂತು’ ಎಂದು ಕೂಗಿದ ಬಾಯಿ ಬಾಡಿಗೆದಾರರದ್ದೇ ಆದ್ದರಿಂದ ಆಮೇಲೆ ಆ ವಿಷಯದಲ್ಲಿ ಚರ್ಚೆಯೇ ಹುಟ್ಟಲಿಲ್ಲ.

ಎರಡು ಕಡೆ ಬಂತು. ಮೊದಲನೆಯದು ಒಲೆಯ ಮೇಲೆ. ಹೊಗೆ ಹೋಗಲು ಹೋಟೆಲಿನವರು ಹಿಂದಿನ ವರ್ಷ ತಾವೇ ಶೀಟು ಕೊರೆದು ಚಿಮಣಿ ಪೈಪು ಕೂಡಿಸಿದ್ದರು. ಸುತ್ತಲೂ ಹಚ್ಚಿದ್ದ ಸಿಲಿಕಾನು ಒಲೆಯ ಬಿಸಿಗೆ ಎದ್ದುಬಂದಿತ್ತು. ಎರಡನೆಯದು ತಾರಸಿ ಮತ್ತು ಶೀಟು ಕೂಡುವ ಸಂದಿ. ನೀರು ಅಲ್ಲಿಂದ ಗೋಡೆ ಹಿಡಿದು ನೇರ ಹಳೇ ಬೋರ್ಡಿದ್ದ ಜಾಗಕ್ಕೆ ಇಳಿಯುತ್ತಿತ್ತು. ಸಂದಿಯ ಉದ್ದಕ್ಕೂ ತಗಡಿನ ಸ್ಕ್ರೂಗಳು ಉಪ್ಪುಗಾಳಿಗೆ ತುಕ್ಕು ತಿಂದು ತಲೆಯೇ ಇಲ್ಲದಂತಾಗಿದ್ದವು. ತಾರಸಿಯ ನೀರು ಹೋಗುವ ಒಂದೇ ಕೊಳವೆಗೆ ಎಲೆ ಸಿಕ್ಕಿಕೊಂಡು, ನಿಂತ ನೀರು ಇದೇ ಸಂದಿಗೆ ನುಗ್ಗುತ್ತಿತ್ತು.

ಅಡುಗೆ ಬಂದ್ ಆದದ್ದು ಬೋರ್ಡಿನಿಂದ, ಬೋರ್ಡು ನೆನೆದದ್ದು ಸಂದಿಯಿಂದ, ಸಂದಿ ಮಾಲೀಕರದ್ದು. ಚಿಮಣಿ ಬಾಡಿಗೆದಾರರದ್ದು. ಅಕ್ಕೋರು ಅಲ್ಲೇ ನಿಂತು ಇಷ್ಟನ್ನೂ ಒಪ್ಪಿಕೊಂಡರು. ಚೌಕಾಸಿಗೆಂದು ಕೈಯಲ್ಲಿ ಇಟ್ಟುಕೊಳ್ಳದೆ ತಮ್ಮ ಕಡೆಯ ಹೊಣೆಯನ್ನು ಮೊದಲೇ ಹೇಳಿದ್ದರಿಂದ ಚಿಮಣಿಯ ಮಾತನ್ನು ಹೋಟೆಲಿನವರೂ ತಕರಾರಿಲ್ಲದೆ ನುಂಗಿಕೊಂಡರು. ಮಳೆಯಲ್ಲಿ ಪಕ್ಕಾ ರಿಪೇರಿ ಆಗದು, ಒದ್ದೆ ಕಾಂಕ್ರೀಟಿಗೆ ಯಾವ ಅಂಟೂ ಹಿಡಿಯದು. 19ಕ್ಕೆ ದಪ್ಪ ತಾಡಪಾಲನ್ನು ತಾರಸಿಯ ಮೇಲಿಂದ ಶೀಟಿನ ಮೇಲಕ್ಕೆ ಇಳಿಬಿಟ್ಟು, ಅಂಚಿಗೆ ಮರಳಿನ ಚೀಲ ಹೇರಿ ಬಿಗಿದರು. ಕೊಳವೆ ಬಿಡಿಸಿದರು. ಸೋರಿಕೆ ನಿಂತಿತು.

ಅರ್ಧ ಎಂಬುದರ ಒಳಗೆ ಏನಿತ್ತು

ಇದಾದ ಮೇಲೆ ನಡೆದ ಮೊದಲ ಮಾತುಕತೆ ಮುರಿದುಬಿತ್ತು. ಅಣ್ಣ ಫೋನಿನಲ್ಲಿದ್ದರು. ‘ಸೋರಿಕೆ ನಿಂತಿತಲ್ಲ, ಇನ್ನು ಪೂರಾ ಬಾಡಿಗೆ ಕೊಡಲಿ’ ಎಂದರು. ಹೋಟೆಲಿನವರು ‘ರಸ್ತೆಯಲ್ಲಿ ಗಾಡಿಯೇ ಇಲ್ಲ’ ಎಂದರು. ಎರಡು ಬೇರೆ ಬೇರೆ ವಿಷಯ ಒಂದೇ ಸಂಖ್ಯೆಗೆ ಅಂಟಿಕೊಂಡಿದ್ದೇ ತೊಡಕಾಗಿತ್ತು. ಸೆಪ್ಟೆಂಬರ್ 5ಕ್ಕೂ 9,000 ಮಾತ್ರ ಬಂತು. ಅಂದಿಗೆ ಒಟ್ಟು ಕೊರತೆ 24,000. ಅಕ್ಕೋರು ಅದೇ ಒಕ್ಕಣೆಯ ಜಮಾ ಚೀಟಿ ಮತ್ತೆ ಕಳಿಸಿದರು.

ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣದ ಮುಖ್ಯ ನಿರ್ಧಾರ ಇದರ ಮುಂದಿನ ಹೆಜ್ಜೆ: ಕೇಳಿಕೆಯನ್ನು ಬಿಡಿಸಿ ಮೂರು ಹಾಳೆಯಲ್ಲಿ ಬರೆದದ್ದು. ಮಾಲೀಕರು ಕೊಡಲೇಬೇಕಾದ್ದು ಒಂದರಲ್ಲಿ. ಕೊಡಬೇಕಿಲ್ಲ ಆದರೆ ಮನಸ್ಸು ಮಾಡಬಹುದಾದ್ದು ಇನ್ನೊಂದರಲ್ಲಿ. ಬಾಡಿಗೆಗೆ ಸಂಬಂಧವೇ ಇಲ್ಲದ್ದು ಮೂರನೆಯದರಲ್ಲಿ.

ಮೊದಲ ಹಾಳೆ ಸೋರಿಕೆಯದು, ಪೂರಾ ಲೆಕ್ಕ. ದಿನಕ್ಕೆ ಬಾಡಿಗೆ 600. ಅಡುಗೆ ಬಂದ್ ಇದ್ದ ಒಂಬತ್ತು ದಿನಕ್ಕೆ ಪೂರ್ತಿ ಮಾಫಿ, 5,400. ಅಡುಗೆಯಿಲ್ಲದೆ ಹಾಲ್ ಇದ್ದು ಏನು ಉಪಯೋಗ ಎಂಬ ಮಾತು ನ್ಯಾಯವೇ. ಜುಲೈ 6ರಿಂದ ಆಗಸ್ಟ್ 19ರ ತನಕ 45 ದಿನ ಹಿಂದಿನ ಜಾಗ ಅರೆಬರೆ ಕೆಲಸಕ್ಕೆ ಬಂತು. 540ರಲ್ಲಿ 120 ಚದರಡಿ ಅಂದರೆ ಶೇ. 22ಕ್ಕೆ ತುಸು ಹೆಚ್ಚು, ದಿನಕ್ಕೆ 133 ರೂಪಾಯಿಯ ಲೆಕ್ಕದಲ್ಲಿ 6,000. ಬೋರ್ಡು ಬದಲಿಸಿದ 3,200 ಪೂರ್ತಿ ಮಾಲೀಕರದ್ದು. ಒಟ್ಟು 14,600. ಆ 3,200ಕ್ಕೆ ಕಾನೂನಿನ ಆಧಾರವೂ ಇದೆ. ಮಾಲೀಕರು ಮಾಡಿಕೊಡಲು ಬದ್ಧರಾದ ರಿಪೇರಿಯನ್ನು ತಿಳಿಸಿದ ಮೇಲೂ ಸಮಂಜಸ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಎಫ್ ಉಪಕಲಮು ಹೇಳುತ್ತದೆ. ಇಲ್ಲಿ ‘ಬದ್ಧರಾದ’ ಎಂಬಷ್ಟನ್ನು ತೋರಿಸಲು ಕರಾರಿನ ಆ ಒಂದು ಸಾಲು ಬೇಕಾಯಿತು. ಅದಿಲ್ಲದಿದ್ದರೆ ಮಾಡು ಯಾರ ಹೊಣೆ ಎಂಬುದೇ ಮೊದಲ ಜಗಳವಾಗುತ್ತಿತ್ತು.

ಎರಡನೇ ಹಾಳೆ ವ್ಯಾಪಾರದ್ದು. ಕಾನೂನು ಇಲ್ಲಿ ಬಾಡಿಗೆದಾರರ ಕೈ ಹಿಡಿಯುವುದಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಈ ಮಳಿಗೆಗೆ ಅನ್ವಯಿಸುವುದೇ ಇಲ್ಲ. 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಜಾಗಗಳು ಅದರ ಹೊರಗೆ, ಇದು ಸುಮಾರು 50 ಚದರ ಮೀಟರು. ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಬೆಂಕಿ, ಬಿರುಗಾಳಿ, ನೆರೆಯಂಥದ್ದರಿಂದ ಜಾಗದ ಮುಖ್ಯ ಭಾಗ ನಾಶವಾದರೆ ಅಥವಾ ಕಾಯಂ ನಿರುಪಯುಕ್ತವಾದರೆ ಕರಾರು ಬಿಟ್ಟುಹೋಗುವ ಹಕ್ಕಿದೆ. ಗಿರಾಕಿ ಕಡಿಮೆಯಾದದ್ದಕ್ಕೆ ಏನೂ ಇಲ್ಲ. ಕರಾರು ಕಾಯ್ದೆಯ 56ನೇ ಕಲಮು, ಅಂದರೆ ಕರಾರು ನಡೆಸುವುದೇ ಅಸಾಧ್ಯವಾಯಿತು ಎಂಬ ವಾದ, ಜಾರಿಯಲ್ಲಿರುವ ಬಾಡಿಗೆಗೆ ಹೊಂದದು ಎಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿದೆ. ಕೊರೊನಾ ಲಾಕ್‌ಡೌನಿನ ಬಾಡಿಗೆ ತಡೆಹಿಡಿಯಬೇಕೆಂದು ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯವರು ಕೇಳಿದ್ದನ್ನು ದೆಹಲಿ ಹೈಕೋರ್ಟು 2020ರಲ್ಲಿ ಇದೇ ಜಾಡಿನಲ್ಲಿ ನಿರಾಕರಿಸಿತು.

ಹಾಗಿದ್ದರೂ ಕಾನೂನಿನಲ್ಲಿ ಗೆಲ್ಲುವ ಮಾಲೀಕರು ಅಂಗಡಿ ಖಾಲಿ ಇಟ್ಟುಕೊಂಡು ಗೆದ್ದರೆ ಏನು ಬಂತು? ಅಕ್ಕೋರು ಕಾಗದದ ಮೇಲೆ ಹಾಕಿ ನೋಡಿದರು. ಹೋಟೆಲಿನವರು ಕೇಳಿದ್ದನ್ನು ಪೂರ್ತಿ ಕೊಟ್ಟರೆ ಆರು ತಿಂಗಳಿಗೆ 54,000 ನಷ್ಟ. ಮಳಿಗೆ ನಾಲ್ಕು ತಿಂಗಳು ಖಾಲಿ ಬಿದ್ದರೆ 72,000, ಅದರ ಮೇಲೆ ದಲ್ಲಾಳಿಗೆ ಒಂದು ತಿಂಗಳದ್ದು, ಬಣ್ಣ, ಗ್ರೀಸು ಹಿಡಿದ ಗೋಡೆ ತೊಳೆಸುವುದು. ಈ ಲೆಕ್ಕ ಎಷ್ಟರ ತನಕ ಬಗ್ಗಬಹುದು ಎಂದು ತೋರಿಸಿತು. ಎಷ್ಟು ಬಗ್ಗಬೇಕು ಎಂಬುದಕ್ಕೆ ವ್ಯಾಪಾರ ನಿಜಕ್ಕೂ ಎಷ್ಟು ಇಳಿದಿತ್ತು ಎಂಬುದು ತಿಳಿಯಬೇಕಿತ್ತು.

ಮೀಟರು ಹೇಳಿದ್ದು

ಸಣ್ಣ ಹೋಟೆಲಿನವರಲ್ಲಿ ಲೆಕ್ಕದ ಪುಸ್ತಕ ಕೇಳಿದರೆ ಮುಖ ಕೆಡುತ್ತದೆ. ಕೊಟ್ಟರೂ ನಂಬುವುದು ಕಷ್ಟ. ಇಲ್ಲಿ ಹೆಸ್ಕಾಂನ ಕರೆಂಟು ಮೀಟರು ಮಾಲೀಕರ ಹೆಸರಲ್ಲೇ ಇದ್ದುದರಿಂದ ಹಿಂದಿನ ವರ್ಷದ ಬಿಲ್ಲು ಅಕ್ಕೋರ ಕೈಯಲ್ಲೇ ಇದ್ದವು. 2023ರ ಜುಲೈಯಲ್ಲಿ 640 ಯೂನಿಟ್, 2024ರ ಜುಲೈಯಲ್ಲಿ 410. ಆಗಸ್ಟಿಗೆ 620 ಇದ್ದದ್ದು 470. ಜುಲೈಯ ಮೊದಲ ಐದು ದಿನ ಅಡುಗೆ ಬಂದ್ ಇದ್ದದ್ದನ್ನು ಕಳೆದರೆ ಎರಡೂ ತಿಂಗಳು ಸುಮಾರು ಕಾಲುಭಾಗದ ಇಳಿಕೆ. ಆದರೆ ಫ್ರೀಜರು ಗಿರಾಕಿ ಬಂದರೂ ಬರದಿದ್ದರೂ ಓಡುತ್ತದೆ, ಆದ್ದರಿಂದ ಯೂನಿಟ್ಟಿನ ಇಳಿಕೆ ವ್ಯಾಪಾರದ ಇಳಿಕೆಗಿಂತ ಕಡಿಮೆಯೇ ತೋರಿಸುತ್ತದೆ. ಹೋಟೆಲಿನವರು 19 ಕಿಲೋ ಸಿಲಿಂಡರಿನ ಬಿಲ್ಲು ತೋರಿಸಿದರು: ಹಿಂದಿನ ಆಗಸ್ಟಿನಲ್ಲಿ 14, ಈ ಸಲ 10. ಎರಡನ್ನೂ ಕೂಡಿಸಿ ನೋಡಿದರೆ ವ್ಯಾಪಾರ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದಿತ್ತು. ಅರ್ಧ ಅಲ್ಲ, ಸುಳ್ಳೂ ಅಲ್ಲ. ಸೆಪ್ಟೆಂಬರ್ ಮಧ್ಯಕ್ಕೆ ಮೀಟರು ಓದಿದಾಗ ಹದಿನೈದು ದಿನಕ್ಕೆ 300 ಯೂನಿಟ್ ಆಗಿತ್ತು. ಹಿಂದಿನ ವರ್ಷ ಆ ಇಡೀ ತಿಂಗಳಿಗೆ 650. ಗಾಡಿ ಮತ್ತೆ ನಿಲ್ಲತೊಡಗಿದ್ದವು.

ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಹೋಟೆಲಿನವರಿಗೆ ಕಷ್ಟ ಇದ್ದದ್ದು ಬಾಡಿಗೆಯ ಮೊತ್ತದಲ್ಲಲ್ಲ, ಅದು ಬರುವ ತಿಂಗಳುಗಳಲ್ಲಿ. ಗುಡ್ಡ ಕುಸಿಯದ ವರ್ಷವೂ ಜೂನ್‌ನಿಂದ ಆಗಸ್ಟ್ ತನಕ ಅವರಿಗೆ ಹಣದ ಬಿಗಿ ಇದ್ದೇ ಇರುತ್ತಿತ್ತು.

ಮೂರನೇ ಹಾಳೆಯ ವಿಷಯ ಯಾರೂ ಬಾಯಿ ಬಿಟ್ಟಿರಲಿಲ್ಲ. ಅಕ್ಕೋರೇ ಕೇಳಿದರು: ‘ತಮಾ, ಎಲ್ಲಾದ್ರೂ ಬೇರೆ ಜಾಗ ನೋಡಿದ್ಯಾ?’ ನೋಡಿದ್ದರು. ಹೊಸ ಕಾಂಪ್ಲೆಕ್ಸಿನಲ್ಲಿ 15,000ಕ್ಕೆ ಮಳಿಗೆ ಇದೆಯಂತೆ. ಅಕ್ಕೋರು ಕೋಪಿಸಿಕೊಳ್ಳದೆ ತಾವೇ ಹೋಗಿ ವಿಚಾರಿಸಿ ಬಂದರು. ಅಲ್ಲಿ ಠೇವಣಿ ಮೂರು ಲಕ್ಷ, ಹಿಂದೆ ಪಾತ್ರೆ ತೊಳೆಯುವ ಜಾಗವಿಲ್ಲ, ಚಿಮಣಿ ಹಾಕಲು ಬಿಡುವುದಿಲ್ಲ. ಇದನ್ನು ಹೋಟೆಲಿನವರಿಗೆ ಹೇಳುವ ಅಗತ್ಯವೂ ಬೀಳಲಿಲ್ಲ, ಅವರಿಗೆ ಗೊತ್ತಿತ್ತು. ಆದರೆ ಮಾಲೀಕರಿಗೂ ಗೊತ್ತಾಗಿದೆ ಎಂಬುದು ಗೊತ್ತಾದ ಮೇಲೆ ಅರ್ಧದ ಮಾತು ತಾನಾಗಿ ಹಿಂದೆ ಸರಿಯಿತು.

ಒಪ್ಪಿಕೊಂಡದ್ದು

ಸೆಪ್ಟೆಂಬರ್ 22ರಂದು ಕೂತಾಗ ಮೊದಲ ಹಾಳೆಯನ್ನು ಮೊದಲು ಮುಗಿಸಿದರು. ಕೊರತೆ 24,000ರಲ್ಲಿ 14,600 ಮಾಲೀಕರು ಬಿಟ್ಟರು, ಉಳಿದ 9,400 ಬಾಕಿ ಎಂದು ಹೋಟೆಲಿನವರು ಸಹಿ ಹಾಕಿದರು. ಡಿಸೆಂಬರಿನಿಂದ ಮಾರ್ಚ್ ತನಕ ತಿಂಗಳಿಗೆ 2,350ರಂತೆ ನಾಲ್ಕು ಕಂತು. ‘ಠೇವಣಿಯಲ್ಲಿ ಮುರಿದುಕೊಳ್ಳಿ’ ಎಂದು ಅವರು ಕೇಳಿದ್ದನ್ನು ಅಕ್ಕೋರು ಒಪ್ಪಲಿಲ್ಲ. ಠೇವಣಿ ಇರುವುದು ಕೊನೆಯ ದಿನದ ಲೆಕ್ಕಕ್ಕೆ: ಕರೆಂಟ್ ಬಾಕಿ, ಒಡೆದ ಕಟ್ಟೆ, ಹೇಳದೆ ಹೋದ ತಿಂಗಳು. ನಡುವೆ ಒಮ್ಮೆ ಕೈಹಾಕಿದರೆ ಮತ್ತೆ ತುಂಬಿಸಿಕೊಳ್ಳುವುದು ಆಗದ ಕೆಲಸ.

ಎರಡನೇ ಹಾಳೆಗೆ ಋತುವಿನ ಪ್ರಕಾರ ಬಾಡಿಗೆ. ಜೂನ್, ಜುಲೈ, ಆಗಸ್ಟಿಗೆ 13,500. ಉಳಿದ ಒಂಬತ್ತು ತಿಂಗಳಿಗೆ 19,500. ಕೂಡಿಸಿದರೆ 40,500 ಮತ್ತು 1,75,500, ವರ್ಷಕ್ಕೆ 2,16,000. ತಿಂಗಳಿಗೆ 18,000ದಂತೆ ಬರುತ್ತಿದ್ದದ್ದೂ ಅಷ್ಟೇ. ಆ ವರ್ಷದ ಶೇ. 5ರ ಏರಿಕೆಯನ್ನು ಅಕ್ಕೋರು ಕೈಬಿಟ್ಟರು. ನಿಜವಾದ ರಿಯಾಯಿತಿ ಇದೊಂದೇ. ಮುಂಬಯಿಯ ಅಣ್ಣ ಒಪ್ಪಿದ್ದೂ ಈ ಕಾಗದ ನೋಡಿಯೇ. ‘ಇಳಿಸಿದೆ’ ಎಂದಿದ್ದರೆ ಅವರು ಕೇಳುತ್ತಿರಲಿಲ್ಲ. ಅವರ ಒಪ್ಪಿಗೆಯನ್ನು ಇಮೇಲಿನಲ್ಲಿ ಬರೆಸಿಕೊಂಡೇ ಅಕ್ಕೋರು ಮುಂದುವರಿದರು. ಜಂಟಿ ಆಸ್ತಿಯಲ್ಲಿ ಒಬ್ಬರು ಬಾಯಿಮಾತಿಗೆ ಬಾಡಿಗೆ ಇಳಿಸಿ ಆಮೇಲೆ ಮನೆಯೊಳಗೇ ತಕರಾರಾದದ್ದು ಎಷ್ಟಿಲ್ಲ?

ಋತುಬಾಡಿಗೆಯಲ್ಲಿ ಒಂದು ಅಪಾಯವಿದೆ. ಕರಾರು ಜೂನ್‌ನಲ್ಲಿ ಶುರುವಾದರೆ ಬಾಡಿಗೆದಾರರು ಕಡಿಮೆಯ ಮೂರು ತಿಂಗಳು ಕಳೆದು, ಹೆಚ್ಚಿನ ತಿಂಗಳು ಬರುವಾಗ ಬಿಟ್ಟುಹೋಗಬಹುದು. ಇಲ್ಲಿ ಅಕ್ಟೋಬರ್ 1ರಿಂದ ಶುರುಮಾಡಿದರು. ಹೆಚ್ಚಿನ ಎಂಟು ತಿಂಗಳು ಮೊದಲು, ಕಡಿಮೆಯ ಮೂರು ಕೊನೆಗೆ. ಹನ್ನೊಂದು ತಿಂಗಳಿಗೆ 1,96,500 ಆಗುತ್ತದೆ, ಹಳೇ ದರಕ್ಕಿಂತ 1,500 ಕಡಿಮೆ. ಇದನ್ನು ತಿಳಿದೇ ಬಿಟ್ಟರು. ಒಂದು ವರ್ಷಕ್ಕೆ ಮೀರಿದ ಕರಾರಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ ನೋಂದಣಿ ಕಡ್ಡಾಯ. ಅದಕ್ಕೆ ಅಣ್ಣ ಬರಬೇಕು, ಇಲ್ಲವೇ ಮುಖ್ತ್ಯಾರ ಪತ್ರ ಬೇಕು. ಅದನ್ನು ಮುಂದಕ್ಕೆ ಹಾಕಿದರು.

ಕರಾರಿಗೆ ಸೇರಿಸಿದ ಹೊಸ ಮಾತುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದವು ಇವು: ರಿಪೇರಿ ಬೇಕಾದರೆ ಬರೆದು ತಿಳಿಸಬೇಕು, ಮಾಲೀಕರು ಏಳು ದಿನದಲ್ಲಿ ಬಂದು ನೋಡಬೇಕು, ಒಪ್ಪಿಗೆಯಿಲ್ಲದೆ ಶೀಟು, ತಾರಸಿ, ಗೋಡೆ ಕೊರೆಯಬಾರದು, ಕೊರೆದ ತೂತಿನ ಸೋರಿಕೆ ಕೊರೆದವರದ್ದು, ಕಡಿಮೆ ಮೊತ್ತ ಸ್ವೀಕರಿಸಿದರೆ ಬಾಡಿಗೆ ಇಳಿಸಿದಂತಲ್ಲ, ತಕರಾರಾದರೆ ದಾವೆಗೆ ಮುಂಚೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿನಲ್ಲಿ ಕೂರಬೇಕು. ಅದಾಲತ್ತಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ, ನ್ಯಾಯಾಲಯದ ಶುಲ್ಕವೂ ಇಲ್ಲ.

ರಿಪೇರಿ ಮತ್ತು ಆಮೇಲಿನದು

ನವೆಂಬರಿನಲ್ಲಿ ತಾರಸಿ ಚೆನ್ನಾಗಿ ಒಣಗಿದ ಮೇಲೆ ಕೆಲಸ ಹಿಡಿದರು. ಮೆತ್ತಿದ್ದ ಸಿಮೆಂಟನ್ನೆಲ್ಲ ಕೆತ್ತಿ ತೆಗೆದರು. ಶೀಟಿಗಿಂತ ಒಂದು ಗೇಣು ಮೇಲೆ ಗೋಡೆಯಲ್ಲಿ ಉದ್ದಕ್ಕೂ ಒಂದಿಂಚು ಆಳದ ಸೀಳು ಕೊರೆದು, ಅಲ್ಯುಮಿನಿಯಂ ಪಟ್ಟಿಯ ಮೇಲಂಚನ್ನು ಅದರೊಳಗೆ ಸಿಕ್ಕಿಸಿ, ಕೆಳಂಚನ್ನು ಶೀಟಿನ ಮೇಲೆ ಇಳಿಬಿಟ್ಟರು. ಸೀಳಿಗೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲಂಟು ತುಂಬಿದರು. ತುಕ್ಕು ತಿಂದ ಸ್ಕ್ರೂಗಳ ಬದಲು ರಬ್ಬರ್ ವಾಷರಿನ ಸ್ಟೇನ್‌ಲೆಸ್ ಸ್ಕ್ರೂ. ಸಮುದ್ರದ ಹತ್ತಿರ ಇದರಲ್ಲಿ ಉಳಿತಾಯ ಮಾಡಬಾರದು. ತಾರಸಿಗೆ ಎರಡನೇ ನೀರಿನ ಕೊಳವೆ, ಎರಡಕ್ಕೂ ಜಾಲರಿ. ಖರ್ಚು ಸುಮಾರು 34,000. ಜೂನ್‌ನಲ್ಲೇ ಇದನ್ನು ಮಾಡಿದ್ದರೆ ಎಂದು ಹೇಳುವ ಹಾಗಿಲ್ಲ, ಜೂನ್‌ನಲ್ಲಿ ಆಗುತ್ತಲೇ ಇರಲಿಲ್ಲ. ಏಪ್ರಿಲ್‌ನಲ್ಲಿ ಯಾರಾದರೂ ಮಾಡು ಹತ್ತಿ ಸ್ಕ್ರೂ ನೋಡಿದ್ದರೆ ಆಗುತ್ತಿತ್ತು.

ಚಿಮಣಿ ಸುತ್ತ ತಗಡಿನ ಕಾಲರು ಹೋಟೆಲಿನವರೇ ಹಾಕಿಸಿದರು, 2,800 ಆಯಿತು.

ಬಾಕಿಯ ಕಂತುಗಳಲ್ಲಿ ಮೂರು ಸಮಯಕ್ಕೆ ಬಂದವು, ಕೊನೆಯದು ಏಪ್ರಿಲ್‌ಗೆ ಬಂತು. 2025ರ ಜೂನ್ 5ಕ್ಕೆ 13,500 ಜಮಾ ಆಯಿತು. ಜುಲೈಯಲ್ಲಿ ಚಿಮಣಿಯ ಹತ್ತಿರ ಮತ್ತೆ ಹನಿ ಕಾಣಿಸಿದಾಗ ಹೋಟೆಲಿನವರು ಕರಾರಿನ ಪ್ರಕಾರ ಬರೆದು ತಿಳಿಸಿದರು. ಅಕ್ಕೋರು ಮೂರನೇ ದಿನ ಹೋಗಿ ನೋಡಿದರು, ಕಾಲರಿನ ಒಂದು ರಿವೆಟ್ಟು ಬಿಟ್ಟಿತ್ತು, ಅವರೇ ಹಾಕಿಸಿಕೊಂಡರು. ಬಾಡಿಗೆಯ ಮಾತು ಬರಲಿಲ್ಲ. ಅಣ್ಣ ಈಗ ಮೂರು ವರ್ಷದ ನೋಂದಾಯಿತ ಕರಾರು ಆಗಲಿ ಎನ್ನುತ್ತಿದ್ದಾರೆ. ಮುಖ್ತ್ಯಾರ ಪತ್ರದ ಕರಡು ಮುಂಬಯಿಗೆ ಹೋಗಿದೆ. ಮಳೆಗಾಲದ ಮೂರು ತಿಂಗಳ ದರ ಅದರಲ್ಲೂ ಹಾಗೇ ಇರುತ್ತದೆ, ಏರಿಕೆ ಉಳಿದ ಒಂಬತ್ತು ತಿಂಗಳಿಗೆ ಮಾತ್ರ.